ಪೋಸ್ಟ್‌ಡಾಕ್‌ಗೆ ಕಾಲ್‌ಫಾರ್ ಆಗಲಿ ಅಂತ ಕಾಯಬೇಡಿ

‘ಸಾರ್, ಪೋಸ್ಟ್‌ಡಾಕ್‌ಗೆ ಕಾಲ್‌ಫಾರ್ ಯಾವಾಗ ಆಗುತ್ತೆ?’ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಈ ಪ್ರಶ್ನೆ ಕಿವಿಗೆ ಬೀಳದ ವರ್ಷವಿಲ್ಲ. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿದ ಮೇಲೆ ಸ್ವಲ್ಪ ಕಾಲ ಮಾಡುವ ಸಂಶೋಧನೆಯ ಕೆಲಸ; ಕಾಲ್‌ಫಾರ್ ಅಂದರೆ ಅದಕ್ಕೆ ಅರ್ಜಿ ಕರೆಯುವುದು. ಪಿಎಚ್‌ಡಿ ಮಕ್ಕಳು ಕೇಳುತ್ತಾರೆ. ಮಂಡ್ಯ ಕಡೆಯಿಂದ ಬಂದ ಅಪ್ಪಂದಿರೂ ಕೇಳುತ್ತಾರೆ. ಕೆಪಿಎಸ್‌ಸಿ ಅಧಿಸೂಚನೆಗೆ ಕಾದ ಹಾಗೆ ಕಾದು, ವರ್ಷಗಟ್ಟಲೆ ಸುಮ್ನೆ ಕೂತವರೂ ಇದ್ದಾರೆ.

ಇದೊಂದು ಮೊದಲು ತಲೆಗೆ ಹೋಗಲಿ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ, ಅದರಲ್ಲೂ ವಿಜ್ಞಾನದಲ್ಲಿ, ಪೋಸ್ಟ್‌ಡಾಕ್ ಯಾರು ಅಂತ ಆರಿಸುವವರು ಹೆಚ್ಚಾಗಿ ಆ ಲ್ಯಾಬ್ ನಡೆಸುವ ಪ್ರೊಫೆಸರ್. ಸಂಬಳ ಅವರ ಪ್ರಾಜೆಕ್ಟಿನ ದುಡ್ಡಿನಿಂದ ಬರುತ್ತದೆ. ಇಲ್ಲವೇ ನೀವು ತರುವ ಫೆಲೋಶಿಪ್ಪಿನಿಂದ, ಅಂದರೆ ಸಂಶೋಧನೆಗೆಂದು ನಿಮ್ಮ ಹೆಸರಿಗೇ ಸಿಗುವ ಧನಸಹಾಯದಿಂದ. ಕಚೇರಿಯವರ ಕೆಲಸ ಆಮೇಲಿನ ಕಾಗದಪತ್ರ. ಜಾಹೀರಾತು ಬರುವುದೇ ಇಲ್ಲ ಅಂತಲ್ಲ, ಬಂದರೆ ಖಂಡಿತ ಅರ್ಜಿ ಹಾಕಿ. ಆದರೆ ಅದನ್ನೇ ನಂಬಿ ಕೂರಬೇಡಿ, ನೇರವಾಗಿ ಆ ಪ್ರೊಫೆಸರಿಗೇ ಮೇಲ್ ಬರೆಯಿರಿ.

‘ಹಾಗಾದ್ರೆ ಫೆಲೋಶಿಪ್ಪಿಗೇ ಹಾಕ್ತೀನಿ ಸಾರ್’ ಅನ್ನುತ್ತಾರೆ. ಹಾಕಿ. ಜರ್ಮನಿಯ ಹಂಬೋಲ್ಟ್ ಇರಲಿ, ಯುರೋಪಿನ ಮೇರಿ ಕ್ಯೂರಿ ಇರಲಿ, ನಮ್ಮದೇ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇರಲಿ, ‘ಈ ವ್ಯಕ್ತಿ ನನ್ನ ಹತ್ತಿರ ಕೆಲಸ ಮಾಡಲಿ’ ಅಂತ ಒಪ್ಪುವ ಒಬ್ಬರು ಅಲ್ಲಿ ಬೇಕೇ ಬೇಕು. ಸುತ್ತಿ ಬಳಸಿ ಬಂದು ನಿಲ್ಲುವುದು ಅದೇ ಪ್ರೊಫೆಸರ್ ಬಾಗಿಲಿಗೆ, ಅಲ್ವಾ? ವಯಸ್ಸು, ಪಿಎಚ್‌ಡಿ ಮುಗಿದು ಎಷ್ಟು ವರ್ಷ ಅನ್ನುವ ಷರತ್ತುಗಳು ಒಂದೊಂದರಲ್ಲಿ ಒಂದೊಂದು ಥರ, ಬದಲಾಗುತ್ತಲೂ ಇರುತ್ತವೆ. ನನ್ನ ಮಾತು ನಂಬದೆ ಆ ವರ್ಷದ ಅಧಿಸೂಚನೆಯನ್ನೇ ಓದಿ.

ಇಷ್ಟು ಹೇಳಿದರೆ ಮರುದಿನವೇ ಇನ್ನೊಂದು ಅವಾಂತರ. ಒಬ್ಬ ಹುಡುಗ ತಾನು ಕಳಿಸಿದ ಮೇಲ್ ತೋರಿಸಿದ. ‘ರೆಸ್ಪೆಕ್ಟೆಡ್ ಸರ್ ಆರ್ ಮೇಡಂ, ನಿಮ್ಮ ಎಸ್ಟೀಮ್ಡ್ ಲ್ಯಾಬ್’ ಅಂತ ಶುರು. ‘ಟು’ ಅನ್ನುವ ಜಾಗದಲ್ಲಿ ಪ್ರೊಫೆಸರುಗಳ ವಿಳಾಸ ಸಾಲಾಗಿ! ಒಬ್ಬೊಬ್ಬರಿಗೂ ಉಳಿದವರೆಲ್ಲ ಕಾಣುತ್ತಿದ್ದಾರೆ. ಹುಡುಗ ಬುದ್ಧಿವಂತ, ಪ್ರಕಟಿಸಿದ ಸಂಶೋಧನಾ ಪೇಪರುಗಳೂ ಚೆನ್ನಾಗಿದ್ದವು. ಉತ್ತರ ಮಾತ್ರ ಒಂದೂ ಇಲ್ಲ.

ಪಾಂಡವಪುರದ ಕಡೆಯ ಹುಡುಗಿಯೊಬ್ಬಳ ಮೇಲ್ ಬೇರೆ ಥರ ಇತ್ತು. ಅವಳದು ಭತ್ತದ ಬೆಂಕಿ ರೋಗದ ಮೇಲೆ ಕೆಲಸ. ಹೊರದೇಶದ ಒಂದು ಲ್ಯಾಬಿನ ಪೇಪರ್ ಓದಿ, ಅದರ ಒಂದು ಚಿತ್ರ ಹಿಡಿದು ಕೇಳಿದ್ದಳು: ನಮ್ಮ ನಾಲಾ ಬಯಲಿನ ಗದ್ದೆಗಳಿಂದ ತೆಗೆದ ಶಿಲೀಂಧ್ರ ನೀವು ಹೇಳಿದ ಹಾಗೆ ನಡೆದುಕೊಳ್ಳುತ್ತಿಲ್ಲ, ಯಾಕಿರಬಹುದು? ಕೆಳಗೆ ತನಗೆ ಬರುವ ವಿಧಾನಗಳು, ಯಾವ ತಿಂಗಳಿಂದ ಬಿಡುವು, ಯಾವ ಫೆಲೋಶಿಪ್ಪಿಗೆ ಜೊತೆಯಾಗಿ ಅರ್ಜಿ ಹಾಕಬಹುದು. ಅಷ್ಟೇ, ಒಂದು ಪುಟವೂ ಇಲ್ಲ. ಪ್ರೊಫೆಸರ್ ಮೊದಲು ಉತ್ತರಿಸಿದ್ದು ಆ ಪ್ರಶ್ನೆಗೆ. ಕೆಲಸದ ಮಾತು ಆಮೇಲೆ ಬಂತು.

ಹೀಗೆ ಬರೆದರೆ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ. ಅವರ ಹತ್ತಿರ ದುಡ್ಡೇ ಇಲ್ಲದಿರಬಹುದು. ಮಾನವಿಕ ವಿಭಾಗಗಳ ದಾರಿಯೂ ಸ್ವಲ್ಪ ಬೇರೆ, ಅಲ್ಲಿ ಜಾಹೀರಾತಿನ ಫೆಲೋಶಿಪ್ಪುಗಳೇ ಜಾಸ್ತಿ.

ಇನ್ನು, ವೈವಾ, ಅಂದರೆ ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಲಿ ಅಂತ ತಡೆಯಬೇಡಿ. ಥೀಸಿಸ್ ಬರೆಯುವಾಗಲೇ ಮೇಲ್ ಶುರುವಾಗಲಿ. ಶಿಫಾರಸು ಪತ್ರ ಕೊಡುವ ಗೈಡಿಗೂ ಮೊದಲೇ ಒಂದು ಮಾತು ಹೇಳಿಡಿ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಸುದ್ದಿಯಿಲ್ಲದಿದ್ದರೆ ಅವರನ್ನು ಬಿಟ್ಟು ಮುಂದಿನವರ ಪೇಪರ್ ಓದಲು ಕೂರಿ.