ಓಲಾಫ್ ಹೆಸರಿನಿಂದ ‘ನ್’ ಎಲ್ಲಿ ಹೋಯಿತು? – ಹಳೆ ನಾರ್ಸ್ ಟಿಪ್ಪಣಿ

ಅರ್ಥ ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ಓಲಾಫ್ ಹಳೆ ನಾರ್ಸ್‌ನ, ಅಂದರೆ ಸ್ಕ್ಯಾಂಡಿನೇವಿಯದ ವೈಕಿಂಗರ ಭಾಷೆಯ, ಎರಡು ತುಂಡು ಸೇರಿದ ಹೆಸರು. ಮೂಲ ರೂಪ *ಅನುಲೈಬಜ್. ಹಿಂದೆ ನಕ್ಷತ್ರ ಚಿಹ್ನೆ ಇದ್ದರೆ, ಅದು ಬರೆದಿಟ್ಟು ಸಿಕ್ಕಿದ ರೂಪವಲ್ಲ, ಪಂಡಿತರು ಲೆಕ್ಕ ಹಾಕಿ ಕಟ್ಟಿದ್ದು ಎಂದರ್ಥ. ‘ಅನು’ ಅಂದರೆ ಹಿರೀಕ, ಪೂರ್ವಜ. (ಸಂಸ್ಕೃತದ ‘ಅನು’ವಿನ ಅರ್ಥ ಇಟ್ಟುಕೊಂಡು ಓದಬೇಡಿ.) ‘ಲೈಬಜ್’ ಅಂದರೆ ಉಳಿದದ್ದು, ಬಿಟ್ಟುಹೋದದ್ದು. ಇಂಗ್ಲಿಷಿನ ‘ಲೀವ್’ ಇದೇ ಬೇರಿನದು. ನಾರ್ಸ್ ನಾವಿಕ ಲೀಫ್ ಎರಿಕ್‌ಸನ್‌ನ ‘ಲೀಫ್’ ಕೂಡ ಇದೇ ತುಂಡು, ಒಂಟಿಯಾಗಿ. ಒಟ್ಟಿನಲ್ಲಿ, ಹಿರೀಕರು ಬಿಟ್ಟುಹೋದ ಕುಡಿ. ನಾರ್ಸ್ ಜನ ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಿದ್ದರು. ನಮ್ಮಲ್ಲೂ ಹಾಗೆ ಮಾಡುವವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆ ಪಠ್ಯಗಳಲ್ಲಿ ಇದು ‘ಓಲಾಫ್ರ್’ ಎಂದು ಕಾಣುತ್ತದೆ. ಕೊನೆಯ ‘ರ್’ ಬರೀ ಪ್ರಥಮಾ ವಿಭಕ್ತಿ, ನಮ್ಮ ‘ರಾಮನು’ವಿನ ಕೊನೆಯ ‘ಉ’ ಇದ್ದ ಹಾಗೆ. ಷಷ್ಠಿಯಲ್ಲಿ ಅದು ಹೋಗಿ ‘ಓಲಾಫ್ಸ್’ ಆಗುತ್ತದೆ. ‘ಫ್’ ಬರೆದಿದ್ದರೂ ಇಲ್ಲಿ ‘ವ್’ ಎಂದೇ ಓದಿ. ಅಷ್ಟೇ.

ಈಗ ತೊಡಕಿನ ಜಾಗ. *ಅನುಲೈಬಜ್‌ನಲ್ಲಿ ‘ನ’ ಇದೆ. ಓಲಾಫ್‌ನಲ್ಲಿ ಇಲ್ಲ. ‘ಅ’ ಇದ್ದಲ್ಲಿ ‘ಓ’ ಬಂದಿದೆ. ಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತವೆ. ನಿಧಾನವಾಗಿ ನೋಡೋಣ.

ಮೊದಲು ನಡುವಿನ ‘ಉ’ ಬಿದ್ದುಹೋಯಿತು. ಆದರೆ ಸುಮ್ನೆ ಹೋಗಲಿಲ್ಲ, ತನ್ನ ತುಟಿಯ ದುಂಡುತನವನ್ನು ಹಿಂದಿನ ‘ಅ’ಗೆ ಅಂಟಿಸಿ ಹೋಯಿತು. ಆಗ ‘ನ್’ ನೇರವಾಗಿ ‘ಲ’ ಪಕ್ಕಕ್ಕೆ ಬಂತು. ‘ನ್’ ಅಲ್ಲಿ ನಿಲ್ಲಲಿಲ್ಲ. ಹಿಂದಿನ ಸ್ವರದೊಳಗೆ ಕರಗಿತು, ಸ್ವರ ದೀರ್ಘವಾಯಿತು, ಉಸಿರು ಮೂಗಿಗೆ ಹೋಯಿತು. ಇದು ಕೇಳಿಸಬೇಕಾದರೆ ಕೊಂಕಣಿಯ ‘ಹಾಂವ್’ ಹೇಳಿ ನೋಡಿ. ಎಲ್ಲೂ ‘ನ್’ ಇಲ್ಲ, ಆದರೆ ಮೂಗು ಕೆಲಸ ಮಾಡುತ್ತಿದೆ, ಅಲ್ವಾ? ಮೂಗಿನ ಉಚ್ಚಾರ, ದುಂಡು ತುಟಿ, ಎರಡೂ ಸೇರಿ ಆ ಸ್ವರ ‘ಓಂ’ ಕಡೆಗೆ ಜಾರಿತು. ಕೊನೆಗೆ ಮೂಗೂ ಸುಮ್ಮನಾಯಿತು, ‘ಓ’ ಉಳಿಯಿತು. ದುಂಡುತನ ಹತ್ತದ ಇನ್ನೊಂದು ರೂಪವೂ ಇದೆ: ಆಲೆಯ್ಫ್ರ್. 12ನೇ ಶತಮಾನದ ಒಬ್ಬ ಐಸ್‌ಲೆಂಡ್ ವ್ಯಾಕರಣಕಾರ, ಹೆಸರು ಗೊತ್ತಿಲ್ಲ, ಮೂಗಿನ ಸ್ವರಗಳ ಮೇಲೆ ಒಂದು ಚುಕ್ಕಿ ಇಡಿ ಎಂದು ಬರೆದ. ಅಂದರೆ ಆಗಲೂ ಆ ವ್ಯತ್ಯಾಸ ಕಿವಿಗೆ ಬೀಳುತ್ತಿತ್ತು.

ಇದೆಲ್ಲ ಬರೀ ಊಹೆ ಅನ್ನಿಸಿದರೆ ನನ್ನ ಇಷ್ಟದ ಅಡ್ಡದಾರಿ ಹಿಡಿಯಿರಿ: ವೈಕಿಂಗರ ಹೆಸರಿಗೆ ಅವರಿಂದ ಏಟು ತಿಂದವರ ದಾಖಲೆ ನೋಡಿ. ಇಂಗ್ಲಿಷರ ಹಳೆಯ ವರ್ಷವಾರು ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿ ಈ ಹೆಸರು ‘ಅನ್‌ಲಾಫ್’. ‘ನ್’ ಗಟ್ಟಿಯಾಗಿ ಕೂತಿದೆ! ವೈಕಿಂಗ್ ರಾಜರ ಕೈಯಲ್ಲಿದ್ದ ಇಂಗ್ಲೆಂಡಿನ ಯಾರ್ಕ್‌ನಲ್ಲಿ 940ರ ಸುಮಾರಿಗೆ ಟಂಕಿಸಿದ ಬೆಳ್ಳಿ ನಾಣ್ಯದಲ್ಲೂ ಹಾಗೇ. ನಡುವೆ ರೆಕ್ಕೆ ಬಿಚ್ಚಿದ ಕಾಗೆಜಾತಿಯ ಹಕ್ಕಿ, ಸುತ್ತ ಲ್ಯಾಟಿನ್ ಲಿಪಿಯಲ್ಲಿ ‘ಅನ್‌ಲಾಫ್ ಕುನುಂಕ್’. ‘ಕುನುಂಕ್’ ಅಂದರೆ ನಾರ್ಸ್‌ನ ‘ಕೊನುಂಗ್ರ್’, ರಾಜ. ಹೆಸರು ಇಂಗ್ಲಿಷರ ಕಿವಿಯದು, ಬಿರುದು ನಾರ್ಸ್‌ನದು.

ಐರಿಷರು ‘ಅಮ್ಲೈಬ್’ ಎಂದು ಬರೆದರು. ಅಲ್ಲಿನ ‘ಮ’ ಕೂಡ ಮೂಗಿನ ಸದ್ದೇ. ಮುಂದೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ‘ಓಲಾಫನ ಮಗ’ ಎಂಬ ಮನೆತನದ ಹೆಸರು ಇದರಿಂದ ಹುಟ್ಟಿತು. ಇಂಗ್ಲಿಷಿನಲ್ಲಿ ಅದು ಮೆಕಾಲೆ. ಹೌದು, 1835ರ ಶಿಕ್ಷಣ ಟಿಪ್ಪಣಿಯ ಮೆಕಾಲೆಯ ಪೂರ್ವಜರು ಅಲ್ಲಿಯವರೇ. (ಇನ್ನೊಂದು ಮೆಕಾಲೆ ಕುಲವೂ ಇದೆ, ಅದರ ಮೂಲ ಬೇರೆ ಹೆಸರು.) 1834ರಲ್ಲಿ ಮದ್ರಾಸಿನಿಂದ ಊಟಿಗೆ ಹೋಗುವಾಗ ಅವರು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ಹೋದರು. ಶ್ರೀರಂಗಪಟ್ಟಣದಲ್ಲಿ ಹಿಂದೆ ಅವರ ದೊಡ್ಡಪ್ಪ ಕಾಲಿನ್ ಮೆಕಾಲೆ ಸೆರೆಯಲ್ಲಿದ್ದರು. ಓಲಾಫನ ಹೆಸರು ಕಾವೇರಿ ದಂಡೆಗೂ ಬಂದಿತ್ತು ಅನ್ನಿ.

ಇತಿಹಾಸದಲ್ಲಿ ಇಬ್ಬರು ಸಾಕು. ಓಲಾಫ್ ಟ್ರಿಗ್ವಾಸನ್ 994ರಲ್ಲಿ ಲಂಡನ್ ಮೇಲೆ ದಾಳಿ ಮಾಡಿದ, ಆಮೇಲೆ ನಾರ್ವೆಯ ರಾಜನಾದ, 1000ದಲ್ಲಿ ಸ್ವೋಲ್ಡರ್ ಸಮುದ್ರಯುದ್ಧದಲ್ಲಿ ಸತ್ತ. ಓಲಾಫ್ ಹರಾಲ್ಡ್‌ಸನ್, ಅವನೂ ನಾರ್ವೆಯ ರಾಜನೇ, 1030ರಲ್ಲಿ ಸ್ಟಿಕ್ಲೆಸ್ಟಾಡ್ ಯುದ್ಧದಲ್ಲಿ ಸತ್ತ, ಮರುವರ್ಷವೇ ಸಂತನಾದ. ಈ ಹೆಸರು ಇಷ್ಟು ಗಟ್ಟಿಯಾಗಿ ಉಳಿಯಲು ಎರಡನೆಯವನೇ ಮುಖ್ಯ ಕಾರಣ ಅನ್ನಿಸುತ್ತದೆ. 1905ರಲ್ಲಿ ಡೆನ್ಮಾರ್ಕಿನ ರಾಜಕುಮಾರ ನಾರ್ವೆಯ ರಾಜನಾದಾಗ, ಅವನ ಎರಡು ವರ್ಷದ ಮಗ ಅಲೆಕ್ಸಾಂಡರ್‌ಗೆ ಹೊಸದಾಗಿ ಇಟ್ಟ ಹೆಸರು ಓಲಾವ್.

ಈಗಿನ ರೂಪಗಳು: ನಾರ್ವೆಯಲ್ಲಿ ಓಲಾವ್, ಸ್ವೀಡನ್ನಿನಲ್ಲಿ ಊಲೋಫ್, ಐಸ್‌ಲೆಂಡಿನಲ್ಲಿ ಓಲಾವುರ್, ಫಿನ್‌ಲೆಂಡಿನಲ್ಲಿ ಓಲವಿ. ಲಂಡನ್ನಿನ ಟೂಲಿ ಸ್ಟ್ರೀಟ್ ಕೂಡ ಸಂತನಾದ ಆ ಓಲಾಫನ ಹೆಸರೇ. ಅಲ್ಲಿದ್ದ ಸೇಂಟ್ ಓಲಾವ್ ಚರ್ಚಿನ ಹೆಸರನ್ನು ಜನ ಬೇಗ ಬೇಗ ಹೇಳಿ, ‘ಸೇಂಟ್’ನ ಕೊನೆಯ ‘ಟ್’ ಓಲಾವ್‌ಗೆ ಅಂಟಿಕೊಂಡು ಟೂಲಿ ಆಯಿತು. ಆ ಬೀದಿ ಲಂಡನ್ ಬ್ರಿಜ್ ಸ್ಟೇಷನ್ನಿನ ಪಕ್ಕದಲ್ಲೇ ಇದೆ.