ಹೊಳೆಯ ಬಯಲಲ್ಲಿ ಸೈಟು ಕೊಳ್ಳುವ ಮುಂಚೆ ಒಂದು ಗುಂಡಿ ತೋಡಿಸಿ

ಸೈಟು ನೋಡಿ ಹೇಳಿ ಅಂತ ಕರೆದವರು ಗಂಡ ಹೆಂಡತಿ. ಇಬ್ಬರೂ ಕೆಲಸಕ್ಕೆ ಹೋಗುವವರು, ಮೊದಲ ಮನೆ ಕಟ್ಟುವ ಆಸೆ. ಜಾಗ ಚೆನ್ನಾಗಿತ್ತು. ಸಮತಟ್ಟು ನೆಲ, ಹತ್ತಿರದಲ್ಲೇ ಹೊಳೆ, ತಂಪು ಗಾಳಿ. ಹೊಳೆಯಲ್ಲಿ ಆಗ ಮೊಣಕಾಲುದ್ದ ನೀರೂ ಇರಲಿಲ್ಲ.

"ಇಲ್ಲಿ ನೀರು ನುಗ್ಗುತ್ತಾ ಸರ್?" ಅಂತ ಅವರು ಕೇಳಿದರು. ಇಪ್ಪತ್ತು ವರ್ಷದಿಂದ ಒಂದು ಹನಿಯೂ ಬಂದಿಲ್ಲ ಅಂತ ಮಾರುವವರು ಹೇಳಿದ್ದರಂತೆ. ಅದು ನಿಜವೇ ಇರಬಹುದು. ಆದರೆ ಹೊಳೆಯ ಲೆಕ್ಕದಲ್ಲಿ ಇಪ್ಪತ್ತು ವರ್ಷ ತುಂಬಾ ಚಿಕ್ಕ ಅವಧಿ.

ಒಂದಾಳುದ್ದ ಗುಂಡಿ ತೋಡಿಸಿದೆ. ಗುಂಡಿಯ ಒಂದು ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದೆ. ಮೇಲೆ ಒಂದು ಅಡಿಯಷ್ಟು ಹೊರಗಿನಿಂದ ತಂದು ಸುರಿದ ಕೆಂಪು ಮಣ್ಣು, ಅದರಲ್ಲಿ ಇಟ್ಟಿಗೆ ಚೂರು. ಅದರ ಕೆಳಗೆ ಬೂದು ಬಣ್ಣದ ನುಣುಪು ಮಣ್ಣು, ನಾಲ್ಕು ಬೆರಳು ದಪ್ಪ. ಅದರಡಿ ಎರಡು ಬೆರಳಿನಷ್ಟು ಮರಳು. ಮತ್ತೆ ನುಣುಪು ಮಣ್ಣು, ಮತ್ತೆ ಮರಳು. ಒಂದು ಪದರದಲ್ಲಿ ಕಪ್ಪಾದ ಎಲೆಗಳು ಹಾಗೇ ಅಂಟಿಕೊಂಡಿದ್ದವು.

ಅವರಿಬ್ಬರನ್ನೂ ಗುಂಡಿಯ ಹತ್ತಿರ ಕರೆದು ತೋರಿಸಿದೆ. ಮರಳಿದ್ದಲ್ಲಿ ನೀರು ಜೋರಾಗಿ ಹರಿದಿದೆ. ನುಣುಪು ಮಣ್ಣಿದ್ದಲ್ಲಿ ನೀರು ಬಂದು, ನಿಂತು, ತಿಳಿಯಾಗಿ, ಮೆಲ್ಲಗೆ ಇಳಿದಿದೆ. ಒಂದೊಂದು ಜೊತೆ ಪದರವೂ ಒಂದೊಂದು ನೆರೆಯ ಗುರುತು. ಆ ನೆಲ ಅಷ್ಟು ಸಮತಟ್ಟಾಗಿ ಇದ್ದದ್ದೇ ಹೊಳೆ ಅದನ್ನು ಹಾಸಿದ್ದರಿಂದ.

ಅಷ್ಟರಲ್ಲಿ ಗುಂಡಿಯ ತಳದಲ್ಲಿ ಒಸರು ಶುರುವಾಗಿತ್ತು. ಕೆಳಗಿನ ಮರಳಿನ ಪದರದಿಂದ ನೀರು ಜಿನುಗುತ್ತಿತ್ತು. ಆಕೆ ಖುಷಿಯಿಂದ ಕೇಳಿದರು, "ನೀರು ಇಷ್ಟು ಮೇಲೇ ಇದೆಯಲ್ಲ, ಬೋರ್ ಹಾಕಿಸಿದರೆ ಸಾಕು ಅಲ್ವಾ?"

ಆ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ. ಆ ಮರಳಿನಲ್ಲಿ ನೀರಿರುವುದು ಹೊಳೆ ಆಗಾಗ ಬಯಲಿಗೆ ಹರಡಿಕೊಂಡು ಅಲ್ಲಿ ಇಂಗಿದ್ದರಿಂದ. ಹೊಳೆ ಹರಡದಂತೆ ತಡೆದು, ನೆಲದ ಮೇಲೆ ಕಾಂಕ್ರೀಟ್ ಹಾಕಿದರೆ, ಆ ಒಸರು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ. ನೆರೆ ಒಂದು ಸಮಸ್ಯೆ, ನೀರಿನ ಬರ ಇನ್ನೊಂದು ಸಮಸ್ಯೆ ಅಂತ ನಾವು ಬೇರೆ ಬೇರೆ ಕಡತ ಮಾಡಿಟ್ಟುಕೊಂಡಿದ್ದೇವೆ. ನನ್ನ ಕೆಲಸದಲ್ಲಿ ನಾನು ಕಂಡ ಹಾಗೆ ಅವೆರಡೂ ಒಂದೇ ಜಾಗದಲ್ಲಿ ಹುಟ್ಟುತ್ತವೆ.

ನೆರೆ ಬಂದಾಗ ಹೊಳೆ ಹರಡಿಕೊಳ್ಳುವ ಇಂಥ ಬಯಲೇ ನೆರೆಬಯಲು. ಅದು ಮಾಡುವ ಕೆಲಸ ಸರಳ. ಜೋರು ಮಳೆಯಲ್ಲಿ ಹೊಳೆಯ ಪಾತ್ರ ತುಂಬಿದಾಗ ಉಳಿದ ನೀರು ಅಕ್ಕಪಕ್ಕದ ತಗ್ಗಿಗೆ ಹರಡುತ್ತದೆ. ಅಗಲವಾಗಿ ಹರಡಿದ್ದರಿಂದ ಆಳ ಕಡಿಮೆ, ವೇಗವೂ ಕಡಿಮೆ. ಕೆಳಗಿನ ಊರುಗಳಿಗೆ ನೀರು ಒಮ್ಮೆಗೇ ನುಗ್ಗದೆ ತಡವಾಗಿ, ತೆಳ್ಳಗೆ ತಲುಪುತ್ತದೆ. ನಿಂತ ನೀರಿನ ಒಂದು ಪಾಲು ಮರಳಿನೊಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅದೇ ನೀರು ಹೊಳೆಗೆ ಪಕ್ಕದಿಂದ ಒಸರುತ್ತದೆ. ಮಳೆ ನಿಂತು ತಿಂಗಳಾದರೂ ಹೊಳೆಯಲ್ಲಿ ಹರಿವು ಇರುವುದು ಹೀಗೆ.

ಇಲ್ಲಿ ಮನೆ ಕಟ್ಟುವಾಗ ಎಲ್ಲರೂ ಮಾಡುವ ಮೊದಲ ಕೆಲಸ ಮಣ್ಣು ತುಂಬಿಸಿ ಲೆವೆಲ್ ಏರಿಸುವುದು. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಅದಕ್ಕೆ ಒಂದು ಮೀಟರ್ ಎತ್ತರ ಮಣ್ಣು ಹಾಕಿದರೆ 40 ಲಕ್ಷ ಲೀಟರ್ ನೀರು ನಿಲ್ಲಬೇಕಿದ್ದ ಜಾಗ ಹೋಯಿತು. ಆ 40 ಲಕ್ಷ ಲೀಟರ್ ಎಲ್ಲೂ ಮಾಯವಾಗುವುದಿಲ್ಲ. ಪಕ್ಕದ, ಎತ್ತರ ಏರಿಸದ ಹಳೇ ಮನೆಗಳಿಗೆ ಹೋಗುತ್ತದೆ. ಆಮೇಲೆ ಅವರೂ ಏರಿಸುತ್ತಾರೆ. ಕೊನೆಗೆ ಏರಿಸಲು ಕೈಯಲ್ಲಿ ದುಡ್ಡಿಲ್ಲದವರ ಮನೆಯೊಳಗೆ ನೀರು ನಿಲ್ಲುತ್ತದೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಏಕೆಂದರೆ ಮಣ್ಣು ತುಂಬಿಸಿದವರು ಕೆಟ್ಟವರಲ್ಲ, ತಮ್ಮ ಮಕ್ಕಳು ಒದ್ದೆಯಾಗಬಾರದು ಅಂತ ಮಾಡಿದವರು. ಇದನ್ನು ಒಬ್ಬೊಬ್ಬರ ಸೈಟಿನ ಮಟ್ಟದಲ್ಲಿ ಬಗೆಹರಿಸಲು ಆಗುವುದಿಲ್ಲ. ಇಡೀ ಬಯಲನ್ನು ನೋಡಿ ಯೋಜನೆ ಮಾಡುವವರು ಬೇಕು.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಅನ್ನುವ ಮಾತು ತುಂಬಾ ಜನರ ದಾರಿ ತಪ್ಪಿಸಿದೆ. ಒಮ್ಮೆ ಬಂದು ಹೋಯಿತು, ಇನ್ನು ನೂರು ವರ್ಷ ನಿಶ್ಚಿಂತೆ ಅಂತ ಜನ ತಿಳಿಯುತ್ತಾರೆ. ಅದರ ಅರ್ಥ ಹಾಗಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ 100ಕ್ಕೆ 1 ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಾಧ್ಯತೆ ಅಷ್ಟೇ ಇರುತ್ತದೆ. 30 ವರ್ಷದ ಗೃಹಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ಸುಮಾರು 26%. ಅಂದರೆ ಸುಮಾರು ನಾಲ್ಕಕ್ಕೆ ಒಂದು. ಮನೆ 70 ವರ್ಷ ನಿಂತರೆ ಅರ್ಧಕ್ಕರ್ಧ. ಅದೂ ಮಳೆಯ ರೀತಿ ಹಿಂದಿನ ಹಾಗೇ ಇದ್ದರೆ ಮಾತ್ರ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಸುಮಾರು 7% ಹೆಚ್ಚು ತೇವ ಹಿಡಿಯಬಲ್ಲದು. ಹಿಡಿದದ್ದನ್ನು ಒಂದೇ ಸಲ ಸುರಿಯುವ ದಿನಗಳು ಜಾಸ್ತಿಯಾಗುತ್ತಿವೆ. ಚೀನಾದ ಝೆಂಗ್‌ಝೌ ನಗರದಲ್ಲಿ 2021ರ ಜುಲೈನಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಬಿತ್ತು. ಸುರಂಗ ಮೆಟ್ರೋದೊಳಗೆ ನೀರು ನುಗ್ಗಿ ಜನ ಸತ್ತರು. ಮಳೆನೀರನ್ನು ಸ್ಪಂಜಿನಂತೆ ಹೀರುವ ನಗರ ಮಾಡಬೇಕು ಅಂತ ಅಲ್ಲಿ ಕೆಲಸವೂ ನಡೆದಿತ್ತು. ಅದು ಒಳ್ಳೆಯ ಕೆಲಸವೇ. ಆದರೆ ಅಂಥ ಒಂದು ಗಂಟೆಯನ್ನು ತಡೆಯುವಷ್ಟು ಅಲ್ಲ.

ತಡೆಗೋಡೆ ಕಟ್ಟಿದರಾಯಿತಲ್ಲ ಅಂತ ಕೇಳುವವರಿದ್ದಾರೆ. ಈಗಾಗಲೇ ಊರು ಇರುವ ಕಡೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಗೋಡೆ ಕಟ್ಟಿದ ಮೇಲೆ ಶುರುವಾಗುತ್ತದೆ. ಸಣ್ಣಪುಟ್ಟ ನೆರೆ ನಿಲ್ಲುತ್ತದೆ, ಭಯ ಹೋಗುತ್ತದೆ, ಗೋಡೆಯ ಹಿಂದೆ ಹತ್ತು ಮನೆ ಇದ್ದಲ್ಲಿ ಸಾವಿರ ಮನೆ ಏಳುತ್ತವೆ. ಗೋಡೆಗಿಂತ ದೊಡ್ಡ ನೆರೆ ಬಂದ ದಿನ ಹತ್ತು ಮನೆಯ ನಷ್ಟ ಸಾವಿರ ಮನೆಯ ನಷ್ಟವಾಗುತ್ತದೆ. ಅಮೆರಿಕದ ಭೂಗೋಳ ತಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲೇ ಈ ಅಪಾಯದ ಕಡೆ ಬೊಟ್ಟು ಮಾಡಿದ್ದರು. ಆದರೂ ಅದೇ ದೇಶದ ಹ್ಯೂಸ್ಟನ್‌ನಲ್ಲಿ ನೆರೆ ನೀರು ತಡೆಯಲೆಂದು 1940ರ ದಶಕದಲ್ಲಿ ಕಟ್ಟಿದ ಎರಡು ಜಲಾಶಯಗಳ ಮುಳುಗಡೆ ಪ್ರದೇಶದಲ್ಲೇ ಮನೆಗಳೆದ್ದವು. ವರ್ಷಪೂರ್ತಿ ಒಣಗಿರುತ್ತಿದ್ದ ನೆಲ ಅದು. 2017ರ ಹಾರ್ವೆ ಚಂಡಮಾರುತದಲ್ಲಿ ಜಲಾಶಯ ತುಂಬಿತು, ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಜಲಾಶಯ ತನ್ನ ಕೆಲಸ ತಾನು ಮಾಡಿತ್ತು.

ಆಸ್ಟ್ರೇಲಿಯಾದ ಬ್ರಿಸ್ಬೇನ್ ನನಗೆ ಪದೇ ಪದೇ ನೆನಪಾಗುವ ಊರು. 1974ರಲ್ಲಿ ದೊಡ್ಡ ನೆರೆ. ಆಮೇಲೆ 1980ರ ದಶಕದಲ್ಲಿ ವೈವೆನ್‌ಹೋ ಅಣೆಕಟ್ಟು ಮುಗಿಯಿತು. ಅದಕ್ಕೆ ಎರಡು ಕೆಲಸ. ಕೆಳಗಿನ ಭಾಗದಲ್ಲಿ ಕುಡಿಯುವ ನೀರು ತುಂಬಿಸಿಟ್ಟುಕೊಳ್ಳಬೇಕು. ಮೇಲಿನ ಭಾಗವನ್ನು ನೆರೆ ನೀರಿಗಾಗಿ ಖಾಲಿ ಇಟ್ಟುಕೊಳ್ಳಬೇಕು. 2007ರ ಹೊತ್ತಿಗೆ ಬರ ಎಷ್ಟು ಕಠಿಣವಾಯಿತೆಂದರೆ ನಗರದ ಅಣೆಕಟ್ಟುಗಳಲ್ಲಿ 20%ಕ್ಕಿಂತ ಕಡಿಮೆ ನೀರು ಉಳಿಯಿತು. 2011ರ ಜನವರಿಯಲ್ಲಿ ಅದೇ ಊರು ಮುಳುಗಿತು. ನಡುವೆ ನಾಲ್ಕೇ ವರ್ಷ. ಬರ ಕಂಡವರಿಗೆ ತುಂಬಿದ ಅಣೆಕಟ್ಟು ಬೇಕು, ನೆರೆ ಕಂಡವರಿಗೆ ಖಾಲಿ ಅಣೆಕಟ್ಟು ಬೇಕು. ಎಲ್ಲ ಹೊಣೆಯನ್ನೂ ಒಂದು ಅಣೆಕಟ್ಟಿನ ಮೇಲೆ ಹಾಕಿ ಕೆಳಗೆ ತಗ್ಗಿನಲ್ಲಿ ಮನೆ ಕಟ್ಟುತ್ತಾ ಹೋದರೆ, ಬಾಗಿಲು ಯಾವಾಗ ಎಷ್ಟು ತೆರೆಯಬೇಕು ಅನ್ನುವ ತೀರ್ಮಾನ ಮಾಡುವ ಎಂಜಿನಿಯರನ ಸ್ಥಿತಿ ಯೋಚಿಸಿ.

ಚೆನ್ನೈ ಕಥೆಯೂ ಹಾಗೇ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿ ವಿಮಾನ ನಿಲ್ದಾಣವೇ ದಿನಗಟ್ಟಲೆ ಮುಚ್ಚಿತು. ಆ ನಿಲ್ದಾಣದ ಒಂದು ರನ್‌ವೇ ನದಿಯ ಮೇಲೇ ಹಾದು ಹೋಗುತ್ತದೆ. 2019ರ ಬೇಸಿಗೆಯಲ್ಲಿ ನಗರಕ್ಕೆ ನೀರು ಕೊಡುವ ನಾಲ್ಕು ಮುಖ್ಯ ಜಲಾಶಯಗಳೂ ಹೆಚ್ಚುಕಡಿಮೆ ಬರಿದಾದವು. ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ದಕ್ಷಿಣ ಚೆನ್ನೈನ ಪಳ್ಳಿಕರಣೈ ಜೌಗು ಪ್ರದೇಶದ ಬಹುಪಾಲು ಅಷ್ಟರಲ್ಲಿ ಕಟ್ಟಡ, ರಸ್ತೆ, ಕಸದ ರಾಶಿಗೆ ಹೋಗಿತ್ತು. 2015ರ ನೀರನ್ನು ಹಿಡಿದಿಡಬೇಕಿದ್ದ ಜಾಗಗಳಲ್ಲಿ ಅದೂ ಒಂದು.

ನೆಲದಡಿಯ ನೀರನ್ನು ಮಿತಿಮೀರಿ ಎತ್ತಿದರೆ ನೆಲವೇ ಕುಸಿಯುತ್ತದೆ. ಮೆತ್ತನೆಯ ಮೆಕ್ಕಲು ಮಣ್ಣಿನ ಕಣಗಳ ನಡುವಿನ ನೀರು ಹೋದ ಮೇಲೆ ಮಣ್ಣು ಅದುಮಿಕೊಳ್ಳುತ್ತದೆ. ಜಕಾರ್ತಾದ ಉತ್ತರ ಭಾಗ ಹೀಗೇ ಕುಸಿಯುತ್ತಿದೆ. ಕೊಳವೆಬಾವಿಯ ನೀರು ಕುಡಿದವರ ಮನೆಗೇ ಸಮುದ್ರ ಹತ್ತಿರ ಬರುತ್ತಿದೆ. ಟೋಕಿಯೋದ ಪೂರ್ವದ ತಗ್ಗು ಪ್ರದೇಶ ಕಾರ್ಖಾನೆಗಳು ಎತ್ತಿದ ನೀರಿನಿಂದ ಕೆಲವು ಕಡೆ 4 ಮೀಟರ್‌ಗೂ ಜಾಸ್ತಿ ಕುಸಿದಿತ್ತು. 1960–70ರ ದಶಕಗಳಲ್ಲಿ ನೀರೆತ್ತುವುದಕ್ಕೆ ಕಡಿವಾಣ ಹಾಕಿದ ಮೇಲೆ ಕುಸಿತ ಬಹುಮಟ್ಟಿಗೆ ನಿಂತಿತು. ಆದರೆ ಇಳಿದ ನೆಲ ಮತ್ತೆ ಏಳಲಿಲ್ಲ. ಅಲ್ಲಿನ ಲಕ್ಷಾಂತರ ಜನ ಈಗಲೂ ಸಮುದ್ರ ಮಟ್ಟಕ್ಕಿಂತ ಕೆಳಗೆ, ಗೋಡೆಗಳ ಹಿಂದೆ ಬದುಕುತ್ತಿದ್ದಾರೆ. ಅದಕ್ಕೇ ನೆರೆಬಯಲಲ್ಲಿ ಬೋರ್ ನಂಬಿಕೊಂಡು ಇಡೀ ಲೇಔಟ್ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಮಾಡುವುದೇನು? ನನಗೆ ತುಂಬಾ ಇಷ್ಟವಾದ ಉದಾಹರಣೆ ನೆದರ್ಲೆಂಡ್ಸ್‌ನ ನೈಮೇಗನ್. 1995ರಲ್ಲಿ ಆ ದೇಶದ ನದಿಗಳು ಉಕ್ಕುವ ಭಯದಲ್ಲಿ ಸುಮಾರು 2.5 ಲಕ್ಷ ಜನರನ್ನು ಸ್ಥಳಾಂತರಿಸಿದ್ದರು. ಶತಮಾನಗಳಿಂದ ದಂಡೆ ಎತ್ತರಿಸುವುದನ್ನೇ ಕಲಿತ ದೇಶ ಅದು. ಈ ಸಲ ನದಿಗೆ ಜಾಗ ಬಿಡೋಣ ಅಂತ ತೀರ್ಮಾನ ಮಾಡಿತು. ನೈಮೇಗನ್ ಎದುರಿನ ದಡದಲ್ಲಿ ದಂಡೆಯನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಪಕ್ಕದಲ್ಲಿ ಹೊಸ ಕಾಲುವೆ ತೋಡಿದರು. ಜೋರು ನೆರೆಯಲ್ಲಿ ಅಲ್ಲಿ ನೀರಿನ ಮಟ್ಟ 30 ಸೆಂ.ಮೀ.ಗೂ ಜಾಸ್ತಿ ಇಳಿಯುವಂತಾಯಿತು. ಇದಕ್ಕಾಗಿ ಸುಮಾರು 50 ಮನೆಗಳು ಹೋದವು. ಆ ಐವತ್ತು ಮನೆಯವರ ನೋವು ಸಣ್ಣದಲ್ಲ. ಕಟ್ಟಿದ ಮೇಲೆ ಬಿಡಿಸುವುದು ಎಷ್ಟು ಕಷ್ಟ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಕಟ್ಟುವ ಮುಂಚೆ ಬೇಡ ಅನ್ನುವುದು ಅದಕ್ಕಿಂತ ಎಷ್ಟೋ ಸುಲಭ.

ಈಗಾಗಲೇ ಅಂಥ ಜಾಗದಲ್ಲಿ ಮನೆ ಇರುವವರಿಗೆ ಕೆಲವು ಮಾತು. ನೀರು ಯಾವಾಗಲೂ ಮುಂಬಾಗಿಲಿನಿಂದ ಬರುವುದಿಲ್ಲ. ನಾನು ನೋಡಿದ ಒಂದು ಮನೆಯಲ್ಲಿ ಬಾಗಿಲಿಗೆ ಮರಳಿನ ಚೀಲ ಒಟ್ಟಿ ಕಾಯುತ್ತಾ ಕೂತಿದ್ದರು. ಹಿಂದೆ ಬಚ್ಚಲಲ್ಲಿ ಗೊಳಗೊಳ ಸದ್ದು. ಹೋಗಿ ನೋಡಿದರೆ ಚರಂಡಿಯ ಕಪ್ಪು ನೀರು ಶೌಚದ ಗುಂಡಿಯಿಂದ ಉಕ್ಕಿ ಒಳಕೋಣೆವರೆಗೂ ಬಂದಿತ್ತು. ಹೊರಗಿನ ಚರಂಡಿ ತುಂಬಿದಾಗ ನೀರು ಪೈಪಿನೊಳಗೆ ಹಿಂದಕ್ಕೆ ಓಡಿ ಬರುತ್ತದೆ. ಒಳಚರಂಡಿ ಪೈಪಿಗೆ ಒಂದೇ ದಿಕ್ಕಿಗೆ ನೀರು ಬಿಡುವ ವಾಲ್ವ್ ಹಾಕಿಸಿ, ಮಳೆಗಾಲಕ್ಕೆ ಮುಂಚೆ ಅದರ ಕಸ ತೆಗೆಸಿ. ಕರೆಂಟ್ ಮೀಟರ್, ಸ್ವಿಚ್ ಬೋರ್ಡ್ ಎತ್ತರಕ್ಕೆ ಏರಿಸಿ. ಸಂಪಿನ ಬಾಯಿ ಅಂಗಳದ ಮಟ್ಟಕ್ಕಿಂತ ಮೇಲಿರಲಿ. ಇಲ್ಲದಿದ್ದರೆ ನೆರೆ ಬಂದ ದಿನವೇ ಕುಡಿಯುವ ನೀರೂ ಕೆಡುತ್ತದೆ. ಮನೆ ಸುತ್ತ ನೀರಿದೆ, ಕುಡಿಯಲು ಒಂದು ಲೋಟ ಇಲ್ಲ ಅನ್ನುವ ಸ್ಥಿತಿ ನಾನು ಕಂಡಿದ್ದೇನೆ.

ಚಾವಣಿಯ ನೀರನ್ನೂ ಬಿಡಬೇಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 60 ಮಿ.ಮೀ. ಮಳೆ ಬಿದ್ದರೆ 6,000 ಲೀಟರ್. ನಾಲ್ಕು ಜನ ದಿನಕ್ಕೆ ತಲಾ 100 ಲೀಟರ್ ಬಳಸಿದರೆ ಹದಿನೈದು ದಿನಕ್ಕೆ ಆಗುತ್ತದೆ. ದೊಡ್ಡ ನೆರೆಯನ್ನು ಇದು ತಡೆಯುವುದಿಲ್ಲ, ಹಾಗೆ ಹೇಳಿ ನಂಬಿಸುವುದು ತಪ್ಪು. ಆದರೆ ಬೀದಿಯ ಎಲ್ಲ ಮನೆಗಳೂ ಹಿಡಿದಿಟ್ಟರೆ ಸಾಮಾನ್ಯ ಮಳೆಗೆ ಚರಂಡಿ ಉಕ್ಕುವುದು ಕಡಿಮೆಯಾಗುತ್ತದೆ, ಟ್ಯಾಂಕರಿಗೆ ಕಾಯುವುದೂ ಕಡಿಮೆಯಾಗುತ್ತದೆ.

ಆ ಗಂಡ ಹೆಂಡತಿಗೆ ನಾನು ಕೊಳ್ಳಬೇಡಿ ಅಂತ ನೇರವಾಗಿ ಹೇಳಲಿಲ್ಲ. ಮುಂಗಡ ಕೊಡುವ ಮುಂಚೆ ಮೂರು ಕೆಲಸ ಮಾಡಿ ಅಂದೆ. ಆ ಜಾಗದ ಹಳೇ ನಕ್ಷೆ ತೆಗೆಸಿ, ಹಳ್ಳ, ಕೆರೆ, ಜೌಗು ಎಲ್ಲಿತ್ತು ನೋಡಿ. ಅಕ್ಕಪಕ್ಕದ ತುಂಬಾ ಹಳೇ ಮನೆಯವರನ್ನು, ಅದರಲ್ಲೂ ವಯಸ್ಸಾದವರನ್ನು ಮಾತಾಡಿಸಿ. "ನೀರು ಬರುತ್ತಾ?" ಅಂತ ಕೇಳಬೇಡಿ, "ನೀರು ಬಂದಾಗ ಎಲ್ಲಿವರೆಗೆ ಬಂದಿತ್ತು?" ಅಂತ ಕೇಳಿ. ಕೊನೆಯದು, ಜೋರು ಮಳೆ ಬಂದ ಮಾರನೇ ದಿನ ಒಮ್ಮೆ ಅಲ್ಲಿಗೆ ಹೋಗಿ.

ಅವರು ಮಳೆ ಬರುವವರೆಗೂ ಕಾದರು. ಅಂಥಾ ದೊಡ್ಡ ಮಳೆಯೇನಲ್ಲ ಅದು. ಬೆಳಿಗ್ಗೆ ಏಳಕ್ಕೆ ಆಕೆ ಒಂದು ಫೋಟೋ ಕಳಿಸಿದರು. ನಾವು ತೋಡಿ ಮುಚ್ಚಿದ್ದ ಗುಂಡಿಯ ಜಾಗದಲ್ಲಿ ಮಣ್ಣು ಕುಸಿದು ನೀರು ತುಂಬಿತ್ತು. ಅದರ ಸುತ್ತ, ಸೈಟಿನ ಅರ್ಧಕ್ಕೂ ಹೆಚ್ಚು ಜಾಗದಲ್ಲಿ, ತೆಳ್ಳಗೆ ಹೊಸ ಬೂದು ಮಣ್ಣು ಹಾಸಿತ್ತು.