ಬಳ್ಳಾರಿ ಬಿಸಿಲಲ್ಲಿ ಬೈಕಿನ ಉಸಿರು

ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಸೋದರಮಾವನ ಮಗ ತೋರಣಗಲ್ಲಿನಿಂದ ಬಳ್ಳಾರಿಗೆ ಬಂದವನೇ, ಹೆಲ್ಮೆಟ್ ತೆಗೆಯುವ ಮೊದಲೇ ದೂರು ಶುರು ಮಾಡಿದ. "ಗಾಡೀಗೆ ಪಿಕಪ್ಪೇ ಇಲ್ಲಣ್ಣ. ಉಸಿರು ಕಟ್ಟಿದಂಗ ಆಗ್ತೈತಿ. ತಗೊಂಡಾಗ ಹಿಂಗಿರಲಿಲ್ಲ." ಗಾಡಿ ಎಂದರೆ ದೀಪಾವಳಿಗೆ ಕೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಸೈಲೆನ್ಸರ್, ಏರ್ ಫಿಲ್ಟರ್ ಎಲ್ಲವೂ ಕಂಪನಿಯವೇ, ಒಂದು ಬೋಲ್ಟೂ ಬದಲಾಗಿಲ್ಲ. ಮೊಬೈಲ್ ತೆಗೆದು ಒಂದು ಪುಟ್ಟ ಕಪ್ಪು ಡಬ್ಬಿಯ ಚಿತ್ರ ತೋರಿಸಿದ. ಅದರಿಂದ ನಾಲ್ಕಾರು ವೈರುಗಳು ಹೊರಟಿದ್ದವು. ಎಂಜಿನ್ ಟ್ಯೂನರ್. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೂ, ಅದರ ಲೆಕ್ಕ ನೋಡುವ ಗಾಡಿಯ ಪುಟ್ಟ ಕಂಪ್ಯೂಟರಾದ ಇಸಿಯುವಿಗೂ ನಡುವೆ ಕೂರಿಸಿದರೆ ಪಿಕಪ್ ಬರುತ್ತದಂತೆ. "ಹಾಕಿಸ್ಲಾ?"

ಹಾಕಿಸು, ಬೇಡ ಎನ್ನುವ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ದೂರಿನ ಕೊನೆಯ ಮಾತು. ತಗೊಂಡಾಗ ಹಿಂಗಿರಲಿಲ್ಲ. ತಗೊಂಡಿದ್ದು ಚಳಿ ಕಾಲಿಡುವ ಹೊತ್ತಿಗೆ, ದೂರುತ್ತಿರುವುದು ನಲವತ್ತೆರಡು ಡಿಗ್ರಿಯಲ್ಲಿ.

ಎಂಜಿನ್ ಪೆಟ್ರೋಲ್ ಕುಡಿದು ಓಡುತ್ತದೆ ಎನ್ನುತ್ತೇವೆ. ತೂಕ ಹಾಕಿ ನೋಡಿದರೆ ಅದು ಮುಖ್ಯವಾಗಿ ಕುಡಿಯುವುದು ಗಾಳಿಯನ್ನು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಅದಕ್ಕೆ ಪಂಪ್ ಇದೆ. ಗಾಳಿ ಹಾಗಲ್ಲ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನ ಜಾಗದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ. ನಮ್ಮಜ್ಜಿ ಸೌದೆ ಒಲೆ ಮಂಕಾದಾಗ ಇನ್ನೊಂದು ಕೊರಡು ತುರುಕುತ್ತಿರಲಿಲ್ಲ, ಊದುಗೊಳವೆ ಎತ್ತಿಕೊಳ್ಳುತ್ತಿದ್ದಳು. ಕೊರಡು ತುರುಕಿದರೆ ಹೆಚ್ಚುವುದು ಹೊಗೆ. ಈ ಡಬ್ಬಿ ಊದುಗೊಳವೆಯಲ್ಲ. ಕೊರಡಿನ ಲೆಕ್ಕವನ್ನಷ್ಟೇ ಬದಲಿಸುವ ಯಂತ್ರ.

ಈಗ ಬಳ್ಳಾರಿಯ ಗಾಳಿಯನ್ನೇ ತೂಗೋಣ. ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 490 ಮೀಟರ್ ಮೇಲಿದೆ. ಅಷ್ಟರಿಂದಲೇ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಐದಾರು ಪಾಲು ಕಡಿಮೆ. ಅದು ವರ್ಷವಿಡೀ ಇದ್ದದ್ದೇ. ಬದಲಾಗುವುದು ಬಿಸಿಲು. ಡಿಸೆಂಬರಿನ ಮುಂಜಾನೆ 16 ಡಿಗ್ರಿಯಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿ ಸುಮಾರು 1.15 ಕೆಜಿ ತೂಗುತ್ತದೆ. ಮೇ ಮಧ್ಯಾಹ್ನ 42 ಡಿಗ್ರಿಯಲ್ಲಿ 1.06 ಕೆಜಿ. 349 ಸಿಸಿ ಸಿಲಿಂಡರ್ ತುಂಬಾ ಎಳೆದುಕೊಂಡರೆ ಚಳಿಯಲ್ಲಿ 0.40 ಗ್ರಾಂ, ಬಿಸಿಲಲ್ಲಿ 0.37 ಗ್ರಾಂ. ಅದಕ್ಕೆ ಸರಿಹೋಗುವ ಪೆಟ್ರೋಲ್ 27 ಮಿಲಿಗ್ರಾಂನಿಂದ 25ಕ್ಕೆ ಇಳಿಯುತ್ತದೆ. ನೂರಕ್ಕೆ ಎಂಟು ಪಾಲು ಗಾಳಿ ಹೋಯಿತೆಂದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿಯೂ ಹೋಯಿತು. ಈ ಎಂಜಿನ್ನಿನ ಶಕ್ತಿ 6,100 ಆರ್‌ಪಿಎಂನಲ್ಲಿ 20.2 ಅಶ್ವಶಕ್ತಿ ಎಂದು ಕಂಪನಿ ಹೇಳುತ್ತದೆ. ಅದರಲ್ಲಿ ಒಂದೂವರೆ ಅಶ್ವಶಕ್ತಿಯನ್ನು ನಮ್ಮ ಬಿಸಿಲೇ ನುಂಗಿಬಿಡುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮುಂದೆ ಅದಿರಿನ ಲಾರಿ ಹಿಂದಿಕ್ಕಲು ಹೊರಟವನಿಗೆ ಇದು ಗೊತ್ತಾಗದೆ ಇರುವುದಿಲ್ಲ.

ಗಾಳಿಗೆ ಪೆಟ್ರೋಲ್ ಬೆರೆಸುವ ಕೆಲಸ ಕಾರ್ಬ್ಯುರೇಟರಿನದ್ದಾಗಿದ್ದ ಕಾಲದಲ್ಲಿ ಇಂಥ ವ್ಯತ್ಯಾಸವನ್ನು ಮೆಕ್ಯಾನಿಕ್ಕೇ ಸರಿದೂಗಿಸುತ್ತಿದ್ದ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ, ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ ಎಂದು ನಾಡಿ ಹಿಡಿದಂತೆ ಹೇಳಿ, ಸ್ಕ್ರೂ ಅರ್ಧ ಸುತ್ತು ತಿರುಗಿಸುತ್ತಿದ್ದ. ಏಪ್ರಿಲ್ 2020ರಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಆ ಕೆಲಸ ಇಸಿಯುವಿನ ಪಾಲಾಯಿತು. ಒಳಬರುವ ಗಾಳಿಯ ಒತ್ತಡಕ್ಕೊಂದು, ಬಿಸಿಗೊಂದು ಸೆನ್ಸರ್ ಇವೆ. ಸೈಲೆನ್ಸರ್ ಪೈಪಿನ ಕುತ್ತಿಗೆಯಲ್ಲಿ ಆಮ್ಲಜನಕದ ಸೆನ್ಸರ್ ಇದೆ. ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಅತ್ಯಂತ ಚಂದದ ವಸ್ತು ಅದೇ.

ಅದು ಜಿರ್ಕೋನಿಯಾ ಎಂಬ ಪಿಂಗಾಣಿಯ ಒಂದು ಬೆರಳು. ಮುನ್ನೂರು ಡಿಗ್ರಿ ದಾಟಿ ಕಾದರೆ ಆಮ್ಲಜನಕದ ಅಯಾನುಗಳು ಅದರೊಳಗೆ ಹಾದುಹೋಗುತ್ತವೆ. ಹೊಗೆಯಲ್ಲಿರುವ ಆಮ್ಲಜನಕಕ್ಕೂ ಹೊರಗಿನ ಗಾಳಿಯಲ್ಲಿರುವುದಕ್ಕೂ ಅಂತರವಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ, ಅಂದರೆ ಪೆಟ್ರೋಲ್ ಸಾಲದೆ ಹೋದರೆ, ಸುಮಾರು 0.1 ವೋಲ್ಟ್. ಪೆಟ್ರೋಲ್ ಹೆಚ್ಚಾಗಿ ಆಮ್ಲಜನಕವೆಲ್ಲ ಖರ್ಚಾಗಿದ್ದರೆ 0.9. ನಡುವಿನ 0.45 ಬಂದರೆ ಗಾಳಿ-ಪೆಟ್ರೋಲಿನ ಹದ ಸರಿ. ಬಾಷ್ ಕಂಪನಿಯ ಇಂಥ ಸೆನ್ಸರ್ ಮೊದಲು ವೋಲ್ವೋ ಕಾರಿಗೆ ಬಂದದ್ದು 1976ರಲ್ಲಿ. ಇವತ್ತು ನಮ್ಮ ಓಣಿಯ ಸ್ಕೂಟಿಯಲ್ಲೂ ಇದೆ. ಅದು ಹೇಳಿದ್ದನ್ನು ಕೇಳಿಸಿಕೊಂಡು ಇಸಿಯು ಇಂಜೆಕ್ಟರನ್ನು ಮಿಲಿಸೆಕೆಂಡಿನ ಒಂದು ಚೂರು ಹೆಚ್ಚು ಅಥವಾ ಕಡಿಮೆ ತೆರೆಯುತ್ತದೆ, ಮತ್ತೆ ಕೇಳುತ್ತದೆ, ಮತ್ತೆ ತಿದ್ದುತ್ತದೆ. ಪದೇ ಪದೇ ಒಂದೇ ಕಡೆ ತಿದ್ದಬೇಕಾಗಿ ಬಂದರೆ ಅದನ್ನು ನೆನಪಿಟ್ಟುಕೊಳ್ಳುತ್ತದೆ ಕೂಡ.

ಡಬ್ಬಿಯ ಕಥೆ ತಮಾಷೆಯಾಗುವುದು ಇಲ್ಲೇ. ಟ್ಯೂನರ್ ಇಂಜೆಕ್ಟರಿಗೆ ನೂರಕ್ಕೆ ಐದು ಪಾಲು ಹೆಚ್ಚು ಪೆಟ್ರೋಲ್ ಬಿಡಿಸಿತು ಎನ್ನಿ. ಸೆನ್ಸರ್ ಕೂಡಲೇ ಹೆಚ್ಚಾಯಿತು ಎನ್ನುತ್ತದೆ. ಇಸಿಯು ಐದು ಪಾಲು ಕಡಿತಗೊಳಿಸುತ್ತದೆ. ಒಬ್ಬ ಸಾರಿಗೆ ಉಪ್ಪು ಹಾಕಿ ಹೋದ, ಇನ್ನೊಬ್ಬಳು ಬಂದು ನೀರು ಸುರಿದಳು. ಹೀಗಾಗಿ ಮಾಮೂಲಿ ಓಟದಲ್ಲಿ ಡಬ್ಬಿ ಕೆಲಸ ಮಾಡಬೇಕೆಂದರೆ ಸೆನ್ಸರಿನ ಬಾಯಿ ಮುಚ್ಚಬೇಕು, ಇಲ್ಲವೇ ಅದರ ಬಾಯಲ್ಲಿ ಸುಳ್ಳು ಹೇಳಿಸಬೇಕು. ಮಾರುಕಟ್ಟೆಯ ಡಬ್ಬಿಗಳು ಮಾಡುವುದೂ ಇವೆರಡರಲ್ಲಿ ಒಂದನ್ನೇ. ಸೆನ್ಸರ್ ಕಿತ್ತು ಆ ಜಾಗದಲ್ಲಿ ಸುಳ್ಳು ಸಿಗ್ನಲ್ ಕೊಡುವ ಕೊಂಡಿ ಸಿಕ್ಕಿಸುತ್ತವೆ, ಅಥವಾ ಸೆನ್ಸರಿನ ಮಾತನ್ನು ಸ್ವಲ್ಪ ತಿರುಚಿ ಇಸಿಯುವಿಗೆ ದಾಟಿಸುತ್ತವೆ.

ತಿರುಚಿದರೆ ಏನೂ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. 14.7ರ ಹದ ಹೊಗೆ ಸೋಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಇಷ್ಟವಾದದ್ದು. ಎಂಜಿನ್ನಿಗೆ ಅತಿ ಹೆಚ್ಚು ಶಕ್ತಿ ಕೊಡುವುದು 13ರ ಆಸುಪಾಸಿನ ಹದ. ಒಂಟಿ ಸಿಲಿಂಡರಿನ ಗಾಡಿಯನ್ನು ನಿಧಾನಕ್ಕೆ, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದಂತೆ ಓಡಿಸುವಾಗ ಬರುವ ಜರ್ಕಿಂಗ್ ಇದೆಯಲ್ಲ, ಮೋತಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಕತ್ತು ಹಿಂದೆ ಮುಂದೆ ಆಡಿಸುವಂಥದ್ದು, ಅದು ಪೆಟ್ರೋಲ್ ತುಸು ಹೆಚ್ಚಿದರೆ ಕಡಿಮೆಯಾಗುತ್ತದೆ. ಗಾಡಿ ಹೂವಿನಂತೆ ಹೋಗುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಪಿಕಪ್ ಎಂದು ನಾವು ಹಂಬಲಿಸುವುದು ಆಕ್ಸಿಲರೇಟರ್ ಪೂರ್ತಿ ತಿರುವಿದಾಗಿನ ಎಳೆತವನ್ನು. ಆಗ ಇಸಿಯು ಸೆನ್ಸರಿನ ಮಾತು ಕೇಳುವುದನ್ನೇ ಬಿಟ್ಟು, ಕಂಪನಿ ಮೊದಲೇ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲ್ ಸುರಿಯುತ್ತದೆ. ಆ ಲೆಕ್ಕ ಹೇಗೂ ಧಾರಾಳವೇ. ಅದರ ಮೇಲೆ ಡಬ್ಬಿ ಇನ್ನಷ್ಟು ಸುರಿದರೆ ಸಿಗುವುದು ನೂರಕ್ಕೆ ಒಂದೆರಡು, ಕೆಲವೊಮ್ಮೆ ಅದೂ ಇಲ್ಲ. ಬಿಸಿಲು ಕಿತ್ತುಕೊಂಡ ಎಂಟು ಪಾಲನ್ನು ಯಾವ ಡಬ್ಬಿಯೂ ವಾಪಸ್ ತರಲಾರದು. ಕೊರತೆ ಇರುವುದು ಪೆಟ್ರೋಲಿನದ್ದಲ್ಲ.

ಇನ್ನೊಂದು ಕಡೆ ನಾವು ಕಳೆದುಕೊಳ್ಳುವುದೇನು? 6 ಫೆಬ್ರವರಿ 2023ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್, ಈಗ ನಮ್ಮೂರ ಬಂಕುಗಳಲ್ಲೂ ಸಿಗುತ್ತದೆ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಅದಕ್ಕೆ ಒಂದಕ್ಕೆ ಒಂಬತ್ತರಷ್ಟು ಗಾಳಿ ಸಾಕು. ಹಾಗಾಗಿ ಇ20ಯ ಸರಿಯಾದ ಹದ 14.7 ಅಲ್ಲ, ಸುಮಾರು 13.5. ಅದೇ ಗಾಳಿಗೆ ನೂರಕ್ಕೆ ಎಂಟೊಂಬತ್ತು ಪಾಲು ಹೆಚ್ಚು ಇಂಧನ ಬೇಕು. ಸೆನ್ಸರ್ ಎಚ್ಚರವಾಗಿದ್ದರೆ ಇಸಿಯು ಇದನ್ನು ತಾನಾಗಿಯೇ ಸರಿಪಡಿಸಿಕೊಳ್ಳುತ್ತದೆ. ಸೆನ್ಸರನ್ನೇ ಕಿತ್ತಿದ್ದರೆ, ಎಥೆನಾಲ್ ಕಡಿಮೆ ಇದ್ದ ಪೆಟ್ರೋಲಿಗೆ ಹೊಂದಿಸಿದ ಲೆಕ್ಕ ಇ20ಯಲ್ಲಿ ತಲೆಕೆಳಗಾಗುತ್ತದೆ. ಪಿಕಪ್ಪಿಗೆಂದು ಹಾಕಿಸಿದ ಡಬ್ಬಿಯೇ ಇಂಧನ ಸಾಲದಂತೆ ಮಾಡಿ, ಕಲ್ಲು ಕಾಯುವ ಬಿಸಿಲಲ್ಲಿ ಎಂಜಿನ್ನನ್ನು ಇನ್ನಷ್ಟು ಕಾಯಿಸಬಹುದು. ಕೊಪ್ಪಳ, ರಾಯಚೂರು, ಬಳ್ಳಾರಿಯಂಥ ಕಡೆ, ವರ್ಷದಲ್ಲಿ ಇಪ್ಪತ್ತೈದು ಡಿಗ್ರಿ ಏರಿಳಿತವಿರುವಲ್ಲಿ, ತಾನೇ ತಿದ್ದಿಕೊಳ್ಳುವ ಬುದ್ಧಿಯನ್ನು ಕಿತ್ತು ಬಿಸಾಡುವುದು ನನಗಂತೂ ಒಪ್ಪಿಗೆಯಿಲ್ಲ. ಸೆನ್ಸರ್ ಉಳಿಸಿಕೊಂಡು ಮಾತು ತಿರುಚುವ ಡಬ್ಬಿ ಇದಕ್ಕಿಂತ ವಾಸಿ. ಆದರೆ ಅದರಲ್ಲೂ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ, ಷೋರೂಮಿನವರು ವಾರಂಟಿಯ ಮಾತು ಬಂದಾಗ ಮುಖ ತಿರುಗಿಸಲು ಕಾರಣ ಸಿಗುತ್ತದೆ. ಗಾಡಿಯ ಮೂಲ ಸ್ವರೂಪ ಬದಲಿಸುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬಿಗಿಯಾಗಿಯೇ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿ ಮಾಡಿತು.

ಸೈಲೆನ್ಸರ್, ಫಿಲ್ಟರ್ ಎರಡನ್ನೂ ಬದಲಿಸಿದವರ ಲೆಕ್ಕ ಬೇರೆ. ಅಲ್ಲಿ ಗಾಳಿಯ ಹರಿವೇ ಬದಲಾಗಿರುತ್ತದೆ, ಕಂಪನಿ ಬರೆದ ಲೆಕ್ಕ ಹೊಂದುವುದಿಲ್ಲ, ಟ್ಯೂನರಿಗೆ ನಿಜವಾದ ಕೆಲಸವಿರುತ್ತದೆ. ಆದರೆ ಸಂಡೂರಿನ ಕಡೆ ದಿನಾ ಓಡಾಡುವವರು ಫ್ರೀ ಫ್ಲೋ ಫಿಲ್ಟರ್ ಹಾಕಿಸಿದ್ದನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ. ಸಲೀಸಾಗಿ ಗಾಳಿ ಬಿಡುವುದು ಸಲೀಸಾಗಿ ಅದಿರಿನ ಪುಡಿಯನ್ನೂ ಬಿಡಬಹುದು. ಅದು ಪಿಸ್ಟನ್ ರಿಂಗುಗಳಿಗೆ ಉಪ್ಪುಕಾಗದ ತಿಕ್ಕಿದಂತೆ.

ಅವನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಫಿಲ್ಟರ್ ಬಿಚ್ಚಿಸು. ಚೈನ್ ಎಷ್ಟು ಸಡಿಲವಿದೆ, ಆಕ್ಸಿಲರೇಟರ್ ಕೇಬಲ್ ಎಷ್ಟು ಆಡುತ್ತದೆ ನೋಡಿಸು. ಜರ್ಕಿಂಗಿನ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ. ಟೈರಿನ ಗಾಳಿ, ಪ್ಲಗ್ ನೋಡಿಸು. ಅಷ್ಟಾದ ಮೇಲೂ ಡಬ್ಬಿ ಬೇಕೆನಿಸಿದರೆ, ಯಾರದಾದರೂ ಎರವಲು ತಂದು ಪರೀಕ್ಷೆ ಮಾಡು. ಬೆಳಗಿನ ಆರು ಗಂಟೆಗೆ ಸಿರುಗುಪ್ಪ ರಸ್ತೆಯ ನೇರವಾದ ಒಂದು ತುಂಡು ಆರಿಸಿಕೋ. ಐದನೇ ಗೇರಿನಲ್ಲಿ 40ರಿಂದ 80ಕ್ಕೆ ಏರಲು ಎಷ್ಟು ಸೆಕೆಂಡ್ ಎಂದು ಮೀಟರಿನ ವೀಡಿಯೊ ಹಿಡಿದು ಎಣಿಸು. ಹೋಗುವಾಗಲೂ ಬರುವಾಗಲೂ ಎಣಿಸು, ಗಾಳಿ ಬೆನ್ನಿಗಿದ್ದರೆ ಲೆಕ್ಕ ಮೋಸ ಮಾಡುತ್ತದೆ. ಮುಖ್ಯವಾಗಿ, ಡಬ್ಬಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಆ ದಿನ ನಿನಗೆ ಗೊತ್ತಿರಬಾರದು. ಅದನ್ನು ಮೆಕ್ಯಾನಿಕ್ ಮಾತ್ರ ತಿಳಿದಿರಲಿ. ಹತ್ತು ಸಾವಿರ ಕೊಟ್ಟು ಹಾಕಿಸಿದ ವಸ್ತು ಕೆಲಸ ಮಾಡುತ್ತಿಲ್ಲ ಎಂದು ಒಪ್ಪಿಕೊಳ್ಳುವ ಸವಾರ ಇನ್ನೂ ಹುಟ್ಟಿಲ್ಲ. ನಾನೂ ಒಮ್ಮೆ ಹಳೆಯ ಗಾಡಿಗೆ ದುಬಾರಿ ಪ್ಲಗ್ ಹಾಕಿಸಿ ಒಂದು ವಾರ ಹಾರಾಡಿದವನೇ.

ಮರುದಿನ ಗಾಂಧಿನಗರದ ಗ್ಯಾರೇಜಿನಲ್ಲಿ ಫಿಲ್ಟರ್ ಹೊರಬಂತು. ಬಡಿದಾಗ ಕೆಳಗೆ ಹಾಸಿದ ಪೇಪರಿನ ಮೇಲೆ ಕೆಂಪು ಪುಡಿ ಬಿದ್ದದ್ದು ನೋಡಿ ಮೆಕ್ಯಾನಿಕ್ ನಕ್ಕ, "ಇದನ್ನ ಕೂಡಿಟ್ರ ಒಂದು ಲೋಡ್ ಆಗ್ತೈತಿ." ಕಾರ್ಬ್ಯುರೇಟರ್ ಗಾಡಿಯಾಗಿದ್ದರೆ ಇಷ್ಟು ಧೂಳಿಗೆ ಕಪ್ಪು ಹೊಗೆ ಬಂದು ಮೊದಲೇ ಎಚ್ಚರಿಸುತ್ತಿತ್ತು. ಇಸಿಯು ಇರುವ ಗಾಡಿ ಕಡಿಮೆ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಟ್ಟು ಸುಮ್ಮನೆ ಸೊರಗುತ್ತದೆ. ಫಿಲ್ಟರ್ ಹೊಸದಾಯಿತು, ಚೈನ್ ಬಿಗಿಯಾಯಿತು. ಸ್ವಲ್ಪ ಪರವಾಗಿಲ್ಲ ಎಂದ, ಪೂರ್ತಿ ಒಪ್ಪಲಿಲ್ಲ. ಡಬ್ಬಿಯ ಚಿತ್ರ ಮೊಬೈಲಿನಲ್ಲೇ ಉಳಿಯಿತು.

ಡಿಸೆಂಬರಿನ ಒಂದು ಬೆಳಗ್ಗೆ ಅವನ ಫೋನ್ ಬಂತು. ಸಿರುಗುಪ್ಪಕ್ಕೆ ಹೊರಟವನು ಗದ್ದೆಗಳ ನಡುವೆ ಮಂಜಿನಲ್ಲಿ ಗಾಡಿ ನಿಲ್ಲಿಸಿ ಮಾತಾಡುತ್ತಿದ್ದ, ಹಲ್ಲು ಕಟಕಟ ಅನ್ನುತ್ತಿತ್ತು. "ಅಣ್ಣ, ಎಂಜಿನ್ ಈಗ ಸೆಟ್ ಆತು ನೋಡು. ಏನ್ ಎಳೀತೈತಿ ಅಂತೀ!"